ಮಗೂಗೆ ಬೇರೆ ಕೇಳಿ, ಅಮ್ಮಂಗೆ ಬೇರೆ ಕೇಳಿ

ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ ಅಂತ ಮಾಡ್ತಾರಲ್ಲ, ಅವತ್ತು ಒಂದು ನರ್ಸಿಂಗ್ ಕಾಲೇಜಿನ ಹಾಲ್‌ನಲ್ಲಿ ನಾನು ಮಾತಾಡಿದ್ದು ಇದು. ಅರ್ಧ ಹಾಲ್ ಸ್ಟೂಡೆಂಟ್ಸು, ಇನ್ನರ್ಧ ಕಿಡ್ನಿ ಕಸಿ ಆಗಿರೋ ಮಕ್ಕಳು, ಅವರ ಅಪ್ಪ ಅಮ್ಮ, ಒಂದಿಬ್ಬರು ಅಜ್ಜೀರು. ನಾನು ಬರ್ಕೊಂಡು ಹೋಗಿರ್ಲಿಲ್ಲ. ಯಾರೋ ಫೋನಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನೇ ಕೇಳ್ಕೊಂಡು ಬರ್ದಿದೀನಿ, ಅಲ್ಲಿ ಹೇಳೋಕೆ ಮರ್ತಿದ್ದನ್ನ ಇಲ್ಲಿ ಸೇರ್ಸಿದೀನಿ. ಮಕ್ಕಳ ಹೆಸರು ಹೇಳಿಲ್ಲ, ಊರೂ ಹೇಳಿಲ್ಲ.

ಎಲ್ಲರಿಗೂ ನಮಸ್ಕಾರ. ಇನ್ವಿಟೇಷನ್ ಕಾರ್ಡಲ್ಲಿ ನನ್ನ ವಿಷಯ "ಮೂತ್ರಪಿಂಡ ಕಸಿಯ ನಂತರ ಮಕ್ಕಳ ಜೀವನದ ಗುಣಮಟ್ಟ" ಅಂತ ಪ್ರಿಂಟ್ ಆಗಿದೆ. ಗುಣಮಟ್ಟ ಅಂದ ತಕ್ಷಣ ನಂಗೆ ಬೇಳೆ ಪ್ಯಾಕೆಟ್ ಮೇಲಿನ ಸೀಲು ನೆನಪಾಗುತ್ತೆ, ಅದಕ್ಕೇ ಆ ಪದಾನ ಇಲ್ಲಿಗೇ ಬಿಟ್ಬಿಡ್ತೀನಿ. ಮಗು ಹೆಂಗಿದೆ, ಮಗೂನ ನೋಡ್ಕೊಳೋರು ಹೆಂಗಿದಾರೆ, ಅಷ್ಟೇ ಮಾತಾಡೋಣ.

ನಾನು ಡಾಕ್ಟ್ರಲ್ಲ, ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್. ಅಂಗಾಂಗ ಕಸಿ ಕಾನೂನು ಬಂದಿದ್ದು 1994ರಲ್ಲಿ, 2011ರ ತಿದ್ದುಪಡಿ ಆದ್ಮೇಲೆ ಕಸಿ ಮಾಡೋ ಪ್ರತಿ ಆಸ್ಪತ್ರೆಯಲ್ಲೂ ನಮ್ಮಂಥೋರು ಇರ್ಲೇಬೇಕು ಅಂತಾಯ್ತು. ಕಿಡ್ನಿ ಕೊಡೋರು ಯಾರು, ಪೇಪರ್ ಎಲ್ಲಾ ಸರಿ ಇದೆಯಾ, ಕಸಿಗೆ ಒಪ್ಪಿಗೆ ಕೊಡೋ ಕಮಿಟಿ ಮುಂದೆ ಯಾವತ್ತು ಹೋಗ್ಬೇಕು, ದುಡ್ಡು ಎಲ್ಲಿಂದ, ಡಿಸ್ಚಾರ್ಜ್ ಆದ್ಮೇಲೆ ಯಾರ ಮನೇಲಿ ಇರ್ತಾರೆ, ಮಾತ್ರೆ ಖಾಲಿಯಾಗೋಕೆ ಮುಂಚೆ ಫೋನ್ ಮಾಡ್ತಾರಾ ಇಲ್ವಾ, ಇವೆಲ್ಲಾ ನನ್ನ ತಲೆಮೇಲೆ. ಡಾಕ್ಟ್ರು ಮಗೂನ ನೋಡೋದು ಹತ್ತು ನಿಮಿಷ, ನಾನು ನೋಡೋದು ಕಾರಿಡಾರಲ್ಲಿ, ಕ್ಯಾಂಟೀನಲ್ಲಿ, ಲಿಫ್ಟ್ ಹತ್ರ. ಹಂಗಾಗಿ ನಂಗೆ ಗೊತ್ತಿರೋದು ಬೇರೆ ತರದ್ದು.

ಫಾಲೋಅಪ್‌ಗೆ ಬಂದ ಯಾವ ಅಪ್ಪ ಅಮ್ಮನ್ನ ಬೇಕಾದ್ರೂ "ಮಗು ಹೆಂಗಿದಾನಮ್ಮಾ" ಅಂತ ಕೇಳಿ. "ಕ್ರಿಯೇಟಿನೈನ್ 0.8 ಮೇಡಂ" ಅಂತಾರೆ. ರಕ್ತದಲ್ಲಿರೋ ಒಂದು ಕಸದ ಅಳತೆ ಅದು, ಕಿಡ್ನಿ ಸರಿಯಾಗಿ ಕೆಲಸ ಮಾಡ್ದಿದ್ರೆ ಏರುತ್ತೆ. ನಾನು ಕೇಳಿದ್ದು ಮಗೂನ, ಅವರು ಹೇಳಿದ್ದು ರಿಪೋರ್ಟ್‌ನ. ತಪ್ಪಲ್ಲ, ಎರಡ್ಮೂರು ವರ್ಷ ಡಯಾಲಿಸಿಸ್ ಮಾಡ್ಸಿ ಆ ನಂಬರ್ ಏಳು ಎಂಟು ಆಗಿದ್ದನ್ನ ನೋಡಿದೋರಿಗೆ 0.8 ಅನ್ನೋದು ದೇವರ ಪ್ರಸಾದ ಇದ್ದಂಗೆ. ಆದ್ರೆ ಅದು ಮಗು ಹೆಂಗಿದೆ ಅನ್ನೋದಕ್ಕೆ ಉತ್ತರ ಅಲ್ಲ.

ಅದಕ್ಕೇ ಬೇರೆ ಒಂದು ಅಳತೆಗೋಲು ಇದೆ. ಪೆಡ್ಸ್‌ಕ್ಯೂಎಲ್ ಅಂತಾರೆ, ಅಮೆರಿಕದ ಜೇಮ್ಸ್ ವಾರ್ನಿ ಅನ್ನೋ ಮನಃಶಾಸ್ತ್ರಜ್ಞರು ಮಾಡಿದ್ದು, ಪ್ರಪಂಚದಲ್ಲೆಲ್ಲಾ ಬಳಸ್ತಾರೆ. ಒಟ್ಟು 23 ಪ್ರಶ್ನೆ. ಮೈಗೆ ಸಂಬಂಧಪಟ್ಟಿದ್ದು 8, ಮನಸ್ಸಿಗೆ 5, ಜೊತೆ ಮಕ್ಕಳ ಬಗ್ಗೆ 5, ಸ್ಕೂಲ್ ಬಗ್ಗೆ 5. ಕಳೆದ ಒಂದು ತಿಂಗಳಲ್ಲಿ ಓಡೋಕೆ ಎಷ್ಟು ಸಲ ಕಷ್ಟ ಆಯ್ತು, ಎಷ್ಟು ಸಲ ಭಯ ಆಯ್ತು, ಬೇರೆ ಮಕ್ಕಳು ರೇಗಿಸಿದ್ರಾ, ಆಸ್ಪತ್ರೆಗೆ ಹೋಗ್ಬೇಕು ಅಂತ ಸ್ಕೂಲ್ ತಪ್ಪಿಸ್ಕೊಂಡ್ಯಾ, ಈ ತರ. 5ರಿಂದ 7 ವರ್ಷದ ಚಿಕ್ಕೋರಿಗೆ ನಗೋ ಮುಖ, ಸಪ್ಪೆ ಮುಖದ ಚಿತ್ರ ತೋರಿಸಿ ಕೇಳೋದು. ಕೊನೆಗೆ 0ಯಿಂದ 100ರೊಳಗೆ ಒಂದು ಅಂಕ ಬರುತ್ತೆ, ಜಾಸ್ತಿ ಬಂದಷ್ಟೂ ಮಗು ಚೆನ್ನಾಗಿದೆ ಅಂತ.

ಇದರಲ್ಲಿ ಮಜಾ ಏನಪ್ಪಾ ಅಂದ್ರೆ ಅವೇ ಪ್ರಶ್ನೆಗಳು ಮಗೂಗೂ ಇವೆ, ಪೋಷಕರಿಗೂ ಇವೆ. ಇಬ್ಬರನ್ನೂ ಬೇರೆ ಬೇರೆ ಕೂರ್ಸಿ ಕೇಳ್ಬೇಕು. ಬೇರೆ ಕೂರ್ಸೋದೇ ಒಂದು ಯುದ್ಧ, ಅಮ್ಮ ಮಗನ ಪಕ್ಕ ಬಿಟ್ಟು ಏಳಲ್ಲ, "ಅವನಿಗೇನ್ ಗೊತ್ತಾಗುತ್ತೆ ಮೇಡಂ, ನಾನೇ ಹೇಳ್ತೀನಿ" ಅಂತಾರೆ. ಒಂದ್ಸಲ ಹಿಂಗೇ ಒಬ್ಬ ಒಂಬತ್ತು ವರ್ಷದ ಹುಡುಗ. ಅಮ್ಮಂಗೆ ಕೇಳಿದ್ವಿ, ಓಡೋಕೆ ಕಷ್ಟ ಪಡ್ತಾನಾ? "ಓಡೋಕೆ ನಾವು ಬಿಡೋದೇ ಇಲ್ಲ." ಹಂಗಾದ್ರೆ ಯಾವಾಗ್ಲೂ ಕಷ್ಟ ಅಂತ ಹಾಕ್ಲಾ? "ಹಾಕಿ." ಆಮೇಲೆ ಪಕ್ಕದ ರೂಮಲ್ಲಿ ಹುಡುಗನ್ನ ಕೇಳಿದ್ರೆ ಅವನು ಬಾಗಿಲ ಕಡೆ ಒಂದ್ಸಲ ನೋಡಿ, ಸಣ್ಣ ದನೀಲಿ, "ಚೆನ್ನಾಗ್ ಓಡ್ತೀನಿ ಆಂಟಿ, ಅಮ್ಮ ಇಲ್ದಾಗ."

ಇದು ಆ ಒಬ್ಬ ಹುಡುಗನ ಕಥೆ ಅಷ್ಟೇ ಅಲ್ಲ. ಬೇರೆ ಬೇರೆ ದೇಶದಲ್ಲಿ ಈ ಪ್ರಶ್ನಾವಳಿ ಹಿಡ್ಕೊಂಡು ಕೆಲಸ ಮಾಡಿದೋರಿಗೆ ಎರಡು ವಿಷಯ ಮತ್ತೆ ಮತ್ತೆ ಸಿಕ್ಕಿವೆ. ಡಯಾಲಿಸಿಸ್‌ನಲ್ಲಿರೋ ಮಕ್ಕಳಿಗಿಂತ ಕಸಿ ಆಗಿರೋ ಮಕ್ಕಳು ಚೆನ್ನಾಗಿರ್ತಾರೆ, ಆದ್ರೂ ಕಾಯಿಲೆ ಇಲ್ದೇ ಇರೋ ಮಕ್ಕಳಷ್ಟು ಅಂಕ ಬರಲ್ಲ, ಸ್ಕೂಲ್ ವಿಷಯದಲ್ಲಂತೂ ಹಿಂದೆ. ಇನ್ನೊಂದು, ಅಪ್ಪ ಅಮ್ಮ ಕೊಡೋ ಅಂಕ ಮಗು ತಾನೇ ಕೊಟ್ಕೊಳೋ ಅಂಕಕ್ಕಿಂತ ಸಾಮಾನ್ಯವಾಗಿ ಕಮ್ಮಿ. ಅಂದ್ರೆ ಮಗು ತಾನು ಪರ್ವಾಗಿಲ್ಲ ಅಂತಿದೆ, ಮನೆಯವರು ಇಲ್ಲ ನೀನು ಸರಿ ಇಲ್ಲ ಅಂತಿದಾರೆ. ಈ ವ್ಯತ್ಯಾಸ ಇದೆಯಲ್ಲ, ನನ್ನ ಇವತ್ತಿನ ಮಾತೆಲ್ಲಾ ಅದರ ಸುತ್ತಾನೇ.

ಸ್ಟೂಡೆಂಟ್ಸ್ ಇದೀರ ಅಂತ ಸ್ವಲ್ಪ ಬೇಸಿಕ್ಸ್. ದೊಡ್ಡೋರಿಗೆ ಶುಗರ್ ಬಿಪಿಯಿಂದ ಕಿಡ್ನಿ ಹೋಗುತ್ತೆ, ಮಕ್ಕಳಲ್ಲಿ ಹಂಗಲ್ಲ, ಹುಟ್ಟುವಾಗ್ಲೇ ಕಿಡ್ನಿ, ಮೂತ್ರನಾಳ ಸರಿಯಾಗಿ ಬೆಳೆದಿರಲ್ಲ, ಕೆಲವು ಗಂಡು ಮಕ್ಕಳಲ್ಲಿ ಮೂತ್ರ ಹೋಗೋ ದಾರೀಲೇ ಅಡ್ಡ ಕವಾಟ ಇರುತ್ತೆ, ಒತ್ತಡ ಹಿಂದಕ್ಕೆ ಹೋಗಿ ಹೋಗಿ ಕಿಡ್ನಿ ಹಾಳಾಗುತ್ತೆ. ಇನ್ನು ಕೆಲವರಿಗೆ ನೆಫ್ರೋಟಿಕ್, ಅಂದ್ರೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗೋ ಕಾಯಿಲೆ, ಅದರಲ್ಲಿ ಒಂದು ಜಾತಿಯದ್ದು ಹೊಸ ಕಿಡ್ನಿಗೂ ಬರೋ ಚಾನ್ಸ್ ಇರುತ್ತೆ. ಕಸಿ ಮಾಡುವಾಗ ಹಳೇ ಕಿಡ್ನಿ ಸಾಮಾನ್ಯವಾಗಿ ತೆಗೆಯಲ್ಲ, ಹೊಸದನ್ನ ಮುಂದೆ, ಹೊಟ್ಟೆಯ ಕೆಳಭಾಗದಲ್ಲಿ ಒಂದು ಪಕ್ಕಕ್ಕೆ ಕೂರಿಸ್ತಾರೆ. ಅಮ್ಮನ ದೊಡ್ಡ ಕಿಡ್ನಿ, ಮಗೂದು ಚಿಕ್ಕ ಹೊಟ್ಟೆ. ಮಕ್ಕಳು ಕೈ ಇಟ್ಟು ಮುಟ್ಟಿ ನೋಡ್ತಾರೆ. ಒಬ್ಬಳು ಪುಟ್ಟಿ ಅದಕ್ಕೆ ಹೆಸರು ಬೇರೆ ಇಟ್ಟಿದ್ಲು, ಮಲಗುವಾಗ ಗುಡ್ ನೈಟ್ ಹೇಳ್ತಿದ್ಲು.

ಮೊದಲ ಯಶಸ್ವಿ ಕಿಡ್ನಿ ಕಸಿ ಆಗಿದ್ದು 1954ರ ಡಿಸೆಂಬರ್‌ನಲ್ಲಿ, ಬಾಸ್ಟನ್‌ನಲ್ಲಿ, ಅವಳಿ ಅಣ್ಣತಮ್ಮಂದಿರ ನಡುವೆ, ಒಂದೇ ಅಚ್ಚಿನ ಅವಳಿಗಳಾದ್ರಿಂದ ದೇಹ ಜಗಳ ಮಾಡ್ಲಿಲ್ಲ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಲ್ಲಿ ಆಯ್ತು. ಎಲ್ಲರಿಗೂ ಅವಳಿ ಇರಲ್ವಲ್ಲ, ಅದಕ್ಕೇ ದೇಹ ಜಗಳ ಮಾಡ್ದೇ ಇರೋಕೆ ಮಾತ್ರೆ. ಈಗ ಮುಖ್ಯವಾಗಿ ಮೂರು: ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟಿರಾಯ್ಡ್. ಟ್ಯಾಕ್ರೋ 12 ಗಂಟೆಗೊಂದ್ಸಲ, ಬೆಳಿಗ್ಗೆ ಎಂಟು ಅಂದ್ರೆ ಎಂಟು, ರಾತ್ರಿ ಎಂಟು ಅಂದ್ರೆ ಎಂಟು. ಈ ಟ್ಯಾಕ್ರೋ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾ ಅನ್ನೋ ಊರಿನ ಮಣ್ಣಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ. ಮಣ್ಣಲ್ಲಿ ಆಡ್ಬೇಡ ಆಡ್ಬೇಡ ಅಂತ ಮಕ್ಕಳಿಗೆ ಬೈತೀವಿ, ಅವರನ್ನ ಕಾಯ್ತಿರೋ ಮಾತ್ರೆ ಬಂದಿದ್ದು ಮಣ್ಣಿಂದ!

ಸರಿ, ನೀರಿನ ವಿಷಯಕ್ಕೆ ಬರ್ತೀನಿ, ಇದು ಹೊರಗಿನೋರಿಗೆ ಅರ್ಥ ಆಗಲ್ಲ. ಡಯಾಲಿಸಿಸ್ ಮಗೂಗೆ ನೀರು ಅಳತೆ. ಎಷ್ಟೋ ಮನೇಲಿ ಬೆಳಿಗ್ಗೆ ಒಂದು ಬಾಟ್ಲಿ ತುಂಬಿಟ್ಟು ಇವತ್ತಿಗೆ ಇಷ್ಟೇ ಅಂತ ಹೇಳಿರ್ತಾರೆ, ಬಾಯಿ ಮುಕ್ಕಳಿಸೋ ನೆಪದಲ್ಲಿ ಕುಡಿಯೋ ಮಕ್ಕಳನ್ನ ನೋಡಿದೀನಿ. ಆಪರೇಷನ್ ಆಗಿ ವಾರ ಕಳೆಯೋಷ್ಟರಲ್ಲಿ ಎಲ್ಲಾ ಉಲ್ಟಾ. ಈಗ ಕುಡಿ ಕುಡಿ ಅಂತ ಬೈಗುಳ, ಎಷ್ಟೋ ಮಕ್ಕಳಿಗೆ ದಿನಕ್ಕೆ ಎರಡು ಲೀಟರ್ ಮೇಲೆ ಹೇಳಿರ್ತಾರೆ. ಮೂರು ವರ್ಷ ನೀರು ಕಂಡ್ರೆ ಕಳ್ಳನ ತರ ಇದ್ದ ಮಗೂಗೆ ಈಗ ಗಂಟಲಲ್ಲಿ ಇಳಿಯಲ್ಲ. ಎಳನೀರೂ ಹಂಗೇ, ಡಯಾಲಿಸಿಸ್ ಟೈಮಲ್ಲಿ ರಕ್ತದಲ್ಲಿ ಪೊಟ್ಯಾಷಿಯಂ ಏರುತ್ತೆ ಅಂತ ಪೂರ್ತಿ ಬಂದ್ ಆಗಿರುತ್ತೆ. ಹೊಸ ಕಿಡ್ನಿ ಸರಿಯಾಗಿ ಕೆಲಸ ಮಾಡಿ, ರಿಪೋರ್ಟ್ ನೋಡಿ ಡಾಕ್ಟ್ರು ಹೂಂ ಅಂದ್ಮೇಲೆ (ಟ್ಯಾಕ್ರೋದಿಂದಲೂ ಪೊಟ್ಯಾಷಿಯಂ ಏರುತ್ತೆ, ಕೇಳ್ದೇ ಕೊಡ್ಬೇಡಿ) ಒಬ್ಬ ಹುಡುಗ ಆಸ್ಪತ್ರೆ ಗೇಟ್ ಮುಂದಿನ ಗಾಡೀಲಿ ಎಳನೀರು ಕುಡಿದಿದ್ದನ್ನ ನಾನೇ ನೋಡಿದೆ. ಸ್ಟ್ರಾ ಬೇಡ ಅಂದ. ಎತ್ತಿ ಕುಡಿದ, ಷರ್ಟೆಲ್ಲಾ ಒದ್ದೆ. ಅವರಪ್ಪ ಆ ಕಡೆ ತಿರುಗಿ ನಿಂತ್ಕೊಂಡ್ರು.

ಆದ್ರೆ ಅದೇ ಹುಡುಗ ಸ್ಕೂಲಿಗೆ ಹೋದ್ಮೇಲೆ ನೀರು ಬಿಟ್ಟ. ಯಾಕೆ ಅಂದ್ರೆ ಟಾಯ್ಲೆಟ್‌ಗೆ ಬೀಗ. ಕಿಡ್ನಿ ಕಸಿ ಮಗೂನ ಜೀವನ ಹೆಂಗಿದೆ ಅಂತ ನೋಡ್ಬೇಕಾದ್ರೆ ನಾನಂತೂ ಮೊದಲು ಸ್ಕೂಲಿನ ಟಾಯ್ಲೆಟ್ ನೋಡ್ತೀನಿ. ಕ್ಲಾಸಲ್ಲಿ ಎದ್ದು ಕೇಳೋಕೆ ನಾಚಿಕೆ, ಕೇಳಿದ್ರೆ ಈಗ ತಾನೇ ಹೋಗಿದ್ಯಲ್ಲೋ ಅಂತಾರೆ, ಅದಕ್ಕೆ ಮಕ್ಕಳು ಕಂಡ್ಕೊಂಡಿರೋ ಉಪಾಯ ಕುಡಿಯದೇ ಇರೋದು. ಕೇರಳದಲ್ಲಿ 2019ರಲ್ಲಿ ವಾಟರ್ ಬೆಲ್ ಅಂತ ಶುರು ಮಾಡಿದ್ರು, ಗಂಟೆ ಹೊಡೆದಾಗ ಎಲ್ಲಾ ಮಕ್ಕಳೂ ನೀರು ಕುಡಿಯೋದು, ನಮ್ಮ ರಾಜ್ಯಕ್ಕೂ ಅದು ಬಂತು. ಒಳ್ಳೇದೇ. ಜೊತೆಗೊಂದು ಟಾಯ್ಲೆಟ್ ಬೆಲ್ಲೂ ಬೇಕು.

ಸ್ಕೂಲಲ್ಲಿ ಇನ್ನೊಂದು ಕಷ್ಟ ಅತಿ ಪ್ರೀತಿ. ಪಿಟಿ ಪಿರಿಯಡ್ಡಲ್ಲಿ ಇವನನ್ನ ಮರದ ಕೆಳಗೆ ಕೂರಿಸಿ ಎಲ್ಲರ ಬ್ಯಾಗು ವಾಚು ಕಾಯೋ ಕೆಲಸ ಕೊಡ್ತಾರೆ. ಕಬಡ್ಡಿ ಬೇಡ, ಹೊಟ್ಟೆಗೆ ಏಟು ಬೀಳೋ ಆಟ ಬೇಡ, ಒಪ್ಕೋತೀನಿ. ಓಟ, ಶಟಲ್, ಈಜು, ಸೈಕಲ್ ಇವಕ್ಕೆ ಡಾಕ್ಟ್ರು ಸಾಮಾನ್ಯವಾಗಿ ಬೇಡ ಅನ್ನಲ್ಲ. ವರ್ಲ್ಡ್ ಟ್ರಾನ್ಸ್‌ಪ್ಲಾಂಟ್ ಗೇಮ್ಸ್ ಅಂತಾನೇ ಇದೆ, 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾಗಿದ್ದು, ಅಂಗಾಂಗ ಕಸಿ ಆದೋರೇ ಓಡೋದು ಈಜೋದು, ಮಕ್ಕಳೂ ಇರ್ತಾರೆ. ಟೀಚರ್‌ಗಳು ನಿಜವಾಗ್ಲೂ ಮಾಡ್ಬೇಕಾಗಿರೋದು ಬೇರೆ ಇದೆ. ಕ್ಲಾಸಲ್ಲಿ ಯಾವ್ದಾದ್ರೂ ಮಗೂಗೆ ಚಿಕನ್ ಪಾಕ್ಸ್, ಅದೇ ಅಮ್ಮ ಆಗಿದೆ ಅಂತೀವಲ್ಲ, ಆದ್ರೆ ಅವತ್ತೇ ಮನೆಗೆ ಫೋನ್ ಮಾಡಿ. ನಾಳೆ ಅಲ್ಲ. ಮಾತ್ರೆಯಿಂದ ರೋಗ ತಡೆಯೋ ಶಕ್ತಿ ಕಮ್ಮಿಯಾಗಿರೋ ಈ ಮಕ್ಕಳಿಗೆ ಅದು ಜೀವಕ್ಕೆ ಬರೋಷ್ಟು ಜೋರಾಗ್ಬಹುದು, ತಡೆಯೋ ಇಂಜೆಕ್ಷನ್ ಕೊಡೋಕೆ ಇರೋ ಟೈಮ್ ಕೆಲವೇ ದಿನ. ಜೀವಂತ ವೈರಸ್ಸಿನ ಲಸಿಕೆಗಳನ್ನ ಕಸಿಗೆ ಮುಂಚೆನೇ ಮುಗಿಸ್ಬೇಕು, ಆಮೇಲೆ ಸಾಮಾನ್ಯವಾಗಿ ಕೊಡಲ್ಲ. ಮನೇಲಿರೋ ತಮ್ಮ ತಂಗಿಗೆ ಪೋಲಿಯೋ ಹನಿ ಹಾಕ್ಸೋಕೆ ಮುಂಚೆನೂ ಡಾಕ್ಟ್ರನ್ನ ಕೇಳಿ, ಹನಿ ಬದಲು ಇಂಜೆಕ್ಷನ್ ಹೇಳ್ತಾರೆ.

ಈಗ ನಮ್ಮದೇ ಒಂದು ತಪ್ಪು ಹೇಳ್ತೀನಿ. ಡಿಸ್ಚಾರ್ಜ್ ಶೀಟಲ್ಲಿ ಇಂಗ್ಲಿಷಲ್ಲಿ ಗ್ರೇಪ್‌ಫ್ರೂಟ್ ತಿನ್ಬಾರ್ದು ಅಂತ ಬರ್ದು ಕೊಡ್ತಿದ್ವಿ. ಒಬ್ಬ ಹುಡುಗನಿಗೆ ರಕ್ತದಲ್ಲಿ ಟ್ಯಾಕ್ರೋ ಲೆವೆಲ್ ಇದ್ದಕ್ಕಿದ್ದಂಗೆ ಮೇಲೆ ಹೋಯ್ತು, ಕೈ ನಡುಗ್ತಿತ್ತು, ಅಕ್ಷರ ಬರೆಯೋಕಾಗ್ತಿಲ್ಲ. ಡೋಸ್ ಸರಿ, ಟೈಮ್ ಸರಿ. ಏನ್ ತಿಂದ ಅಂತ ಒಂದೊಂದೇ ಕೇಳ್ತಾ ಬಂದ್ರೆ ಅವರಮ್ಮ "ನೀವು ಹೇಳಿದಂಗೇ ಮೇಡಂ, ದ್ರಾಕ್ಷಿ ಮುಟ್ಸಿಲ್ಲ, ಪಾಪ ಹಣ್ಣಿಗೆ ಆಸೆ ಪಡ್ತಾನೆ ಅಂತ ನಮ್ಮಣ್ಣ ದೇವನಹಳ್ಳಿಯಿಂದ ಚಕ್ಕೋತ ತಂದ್ಕೊಡ್ತಾರೆ, ಅದೇ ದಿನಾ ತಿಂತಾನೆ" ಅಂದ್ರು. ಗ್ರೇಪ್‌ಫ್ರೂಟಿಗೆ ದ್ರಾಕ್ಷಿಗೂ ಸಂಬಂಧ ಇಲ್ಲ, ಅದು ಕಿತ್ತಳೆ ಜಾತಿ ಹಣ್ಣು, ಅದರ ಹತ್ತಿರದ ನೆಂಟ ಅಂದ್ರೆ ಚಕ್ಕೋತನೇ! ಕರುಳಲ್ಲಿ ಈ ಮಾತ್ರೇನ ಕರಗಿಸೋ ಕಿಣ್ವಕ್ಕೆ ಆ ಹಣ್ಣು ಅಡ್ಡ ಬರುತ್ತೆ, ಮಾತ್ರೆ ರಕ್ತದಲ್ಲಿ ಜಾಸ್ತಿ ಉಳ್ಕೊಳುತ್ತೆ. ದ್ರಾಕ್ಷಿ ತಿಂದಿದ್ರೆ ಏನೂ ಆಗ್ತಿರ್ಲಿಲ್ಲ. ಆ ತಾಯಿ ಅಳೋಕೆ ಶುರು ಮಾಡಿದ್ರು, ನಾನೇ ನನ್ನ ಮಗನಿಗೆ ಹಿಂಗ್ ಮಾಡಿದ್ನಲ್ಲಾ ಅಂತ. ಮಾಡಿದ್ದು ಅವರಲ್ಲ, ನಾವು. ಈಗ ಶೀಟಲ್ಲಿ ಚಕ್ಕೋತ ಅಂತ ದಪ್ಪ ಅಕ್ಷರದಲ್ಲಿ ಇದೆ, ಪಕ್ಕದಲ್ಲಿ ಚಿತ್ರ.

ತೀರ್ಥದ ವಿಷಯಾನೂ ಇಲ್ಲೇ ಹೇಳ್ಬಿಡ್ತೀನಿ, ಅಜ್ಜೀರು ಬಂದಿದೀರ. ಕಾಯಿಸದ ನೀರು ಬೇಡ ಅಂದ್ರೆ ತೀರ್ಥಾನೂ ಬೇಡ ಅಂತಾನೇ ಅರ್ಥ, ತಲೆ ಮೇಲೆ ಪ್ರೋಕ್ಷಣೆ ಮಾಡಿ ಸಾಕು, ದೇವರು ಬೇಜಾರು ಮಾಡ್ಕೊಳಲ್ಲ.

ದೊಡ್ಡ ಮಕ್ಕಳದ್ದು ಬೇರೆನೇ ಲೋಕ. ಹದಿನೈದು ವರ್ಷದ ಒಬ್ಬ ಹುಡುಗಿ. ಸ್ಟಿರಾಯ್ಡಿಂದ ಮುಖ ದುಂಡಗಾಗಿತ್ತು, ಮೊಡವೆ, ಕ್ಲಾಸಲ್ಲಿ ಬೋಂಡಾ ಅಂತ ಹೆಸರು. ಮನೇಲಿ ಯಾರಿಗೂ ಹೇಳಿಲ್ಲ. ಟ್ಯಾಕ್ರೋ ಲೆವೆಲ್ ಕೆಳಗಿಳೀತು, ಕ್ರಿಯೇಟಿನೈನ್ ಏರ್ತು, ಬಯಾಪ್ಸಿ ಮಾಡಿದ್ರೆ ರಿಜೆಕ್ಷನ್, ಅಂದ್ರೆ ದೇಹ ಹೊಸ ಕಿಡ್ನಿ ಜೊತೆ ಜಗಳಕ್ಕೆ ಬಿದ್ದಿದೆ. ಅಮ್ಮ ಸ್ಟ್ರಿಪ್ ಎಲ್ಲಾ ತಂದು ಟೇಬಲ್ ಮೇಲೆ ಹರಡಿದ್ರು, ನೋಡಿ ಮೇಡಂ ಲೆಕ್ಕ ಸರಿ ಇದೆ, ಒಂದೂ ತಪ್ಪಿಸಿಲ್ಲ ಅಂತ. ಸ್ಟ್ರಿಪ್ ಖಾಲಿಯಾಗಿದ್ದು ನಿಜ, ಮಾತ್ರೆ ಮಾತ್ರ ಅವಳ ಹೊಟ್ಟೆಗೆ ಹೋಗಿರ್ಲಿಲ್ಲ. ಅಮ್ಮ ಹೊರಗೆ ಹೋದ್ಮೇಲೆ ನಿಧಾನಕ್ಕೆ ಹೇಳಿದ್ಲು, ಯಾವ ಮಾತ್ರೆಯಿಂದ ಮುಖ ಊದುತ್ತೆ ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ರಾತ್ರಿದೆಲ್ಲಾ ಎಸೀತಿದ್ದೆ, ಬೆಳಿಗ್ಗೆದು ಅಮ್ಮ ಎದುರಿಗೆ ನಿಂತ್ಕೊಂಡು ನುಂಗಿಸ್ತಾಳಲ್ಲ, ಅದು ಬಿಡೋಕಾಗ್ಲಿಲ್ಲ. ಸ್ಟಿರಾಯ್ಡ್ ಇದ್ದಿದ್ದು ಬೆಳಿಗ್ಗೆ ಸೆಟ್ಟಲ್ಲಿ! ಕಿಡ್ನಿ ಕಾಯೋ ಮಾತ್ರೆ ಎಸೆದು, ಮುಖ ಊದಿಸೋದನ್ನ ತಪ್ಪದೇ ತಗೊಂಡಿದಾಳೆ. ಒಬ್ಬರೇ ಒಬ್ಬರು ಅವಳ ಹತ್ರ ಕೂತು ಇದು ಇದಕ್ಕೆ, ಅದು ಅದಕ್ಕೆ ಅಂತ ಹೇಳಿರ್ಲಿಲ್ಲ, ಹೇಳಿದ್ದೆಲ್ಲಾ ಅವರಮ್ಮಂಗೆ. ನಾನೂ ಅವರಮ್ಮಂಗೇ ಹೇಳಿದ್ದು. ಹದಿಹರೆಯದಿಂದ ಇಪ್ಪತ್ತರ ಆಚೀಚೆವರೆಗೂ ಕಿಡ್ನಿ ಕಳ್ಕೊಳೋ ಅಪಾಯ ಜಾಸ್ತಿ ಅಂತ ಎಲ್ಲಾ ಕಡೆಯ ಲೆಕ್ಕಾನೂ ಹೇಳುತ್ತೆ, ಅದರಲ್ಲಿ ಬಿಟ್ಟ ಮಾತ್ರೆಗಳ ಪಾಲು ದೊಡ್ಡದು. ಅದನ್ನ ಹಠ, ಕೊಬ್ಬು ಅಂತ ಬರ್ದು ಮುಗಿಸೋದು ಸುಲಭ.

ಕುಳ್ಳಗಿರೋದು ಇನ್ನೊಂದು ಸಂಕಟ. ಕಾಯಿಲೆ ಇದ್ದ ವರ್ಷಗಳಲ್ಲಿ ಬೆಳವಣಿಗೆ ನಿಂತಿರುತ್ತೆ, ಕಸಿ ಆದ್ಮೇಲೆ ಚಿಕ್ಕ ಮಕ್ಕಳು ಸ್ವಲ್ಪ ಸರಿಹೋಗ್ತಾರೆ, ದೊಡ್ಡ ಮಕ್ಕಳಿಗೆ ಕಷ್ಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಫಾಲೋಅಪ್‌ಗೆ ಅಮ್ಮಂದಿರೇ ಜಾಸ್ತಿ ಬರ್ತಾರೆ, ಬಸ್ಸು ಫ್ರೀ ಅಲ್ವಾ, ಅಪ್ಪಂಗೆ ಕೂಲಿ ತಪ್ಪಲ್ಲ. ಹಂಗೆ ಬಂದ ಒಬ್ಬ ಹದಿನಾಲ್ಕು ವರ್ಷದ ಹುಡುಗ ಸಿಟ್ಟಲ್ಲಿ ಕೂತಿದ್ದ. ಏನೋ ಅಂದ್ರೆ ಕಂಡಕ್ಟರ್ ನೋಡಿ ಹಾಫ್ ಟಿಕೆಟ್ ಕೊಟ್ಟಿದಾರೆ, ಇವನು ಫುಲ್ ಕೊಡಿ ಅಂದಿದಾನೆ, ಅಮ್ಮ ಕಾಲು ತುಳಿದು ಸುಮ್ನಿರೋ ಅಂದಿದಾರೆ. ಅವರಿಗೆ ಉಳಿದ ದುಡ್ಡಿಗೆ ಮಧ್ಯಾಹ್ನದ ಊಟ ಆಗುತ್ತೆ. ಇಬ್ಬರದ್ದೂ ಸರಿನೇ.

ಈಗ ಅಮ್ಮಂದಿರ ಕಡೆಗೆ. ಅಪ್ಪಂದಿರು ಬೇಜಾರ್ ಮಾಡ್ಕೋಬೇಡಿ, ಸಾಲ ತೀರಿಸ್ತಾ, ಎರಡೆರಡು ಕಡೆ ಕೆಲಸ ಮಾಡ್ತಾ ನೀವೂ ಸವೀತಿದೀರ, ಊರಿನ ಮೆಡಿಕಲ್ ಶಾಪಲ್ಲಿ ಮಾತ್ರೆ ಸಿಗಲ್ಲ ಅಂತ ಬೆಂಗಳೂರಿಂದ ಬಸ್ ಪಾರ್ಸಲ್ ಹಾಕ್ಸಿ ರಾತ್ರಿ ಸ್ಟ್ಯಾಂಡಲ್ಲಿ ಕಾಯೋದು ನೀವೇ ಅಂತ ಗೊತ್ತು. ಆದ್ರೂ ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡೋರಲ್ಲಿ ಹೆಂಗಸರು ಜಾಸ್ತಿ, ತಗೋಳೋರಲ್ಲಿ ಗಂಡಸರು ಜಾಸ್ತಿ. ಮಕ್ಕಳ ವಿಷಯದಲ್ಲಿ ಕೊಡೋದು ಹೆಚ್ಚಾಗಿ ತಾಯಿ. ಅವಳಿಗೂ ಆಪರೇಷನ್ ಆಗಿರುತ್ತೆ. ಕೆಲವು ವಾರ ಭಾರ ಎತ್ಬೇಡಿ ಅಂತ ಹೇಳಿ ಕಳ್ಸಿರ್ತೀವಿ, ಬಾಡಿಗೆ ರೂಮಲ್ಲಿ ನೀರಿನ ಬಿಂದಿಗೆ ಎತ್ತೋರು ಯಾರು? ರೋಗಿನೂ ಅವಳೇ, ನರ್ಸೂ ಅವಳೇ.

ನೋಡ್ಕೊಳೋರ ಭಾರ ಅಳೆಯೋಕೂ ಒಂದು ಪ್ರಶ್ನಾವಳಿ ಇದೆ, ಜ಼ಾರಿಟ್ ಅಂತ, 22 ಪ್ರಶ್ನೆ. ನಿಮಗೋಸ್ಕರ ಟೈಮೇ ಇಲ್ಲ ಅನ್ಸುತ್ತಾ, ನಿಮ್ಮ ಆರೋಗ್ಯ ಕೆಡ್ತಾ, ಈ ತರದ್ದು. ಒಬ್ಬ ತಾಯಿಗೆ ಕೊಟ್ಟೆ. ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿ ವಾಪಸ್ ಕೊಟ್ರು, ಹೆತ್ತ ಮಗ ಭಾರ ಆಗ್ತಾನಾ ಮೇಡಂ, ಏನ್ ಪ್ರಶ್ನೆ ಇವು ಅಂದ್ರು. ಸರಿ ಅಂತ ಫೈಲಿಗೆ ಹಾಕೋಕೆ ಹೋದೆ. ಬಾಗಿಲವರೆಗೂ ಹೋದೋರು ತಿರುಗಿ ಬಂದು, "ಇದನ್ನ ನಮ್ಮತ್ತೆಗೆ ತೋರ್ಸಲ್ಲ ತಾನೇ?" ಯಾರಿಗೂ ತೋರ್ಸಲ್ಲ ಅಂದೆ. "ನಮ್ಮ ಮನೆಯವರಿಗೆ?" ಇಲ್ಲಮ್ಮ. ಸ್ವಲ್ಪ ಹೊತ್ತು ನಿಂತಿದ್ರು. "ಹಂಗಾದ್ರೆ ಇನ್ನೊಂದು ಪೇಪರ್ ಕೊಡಿ." ಎರಡನೇ ಪೇಪರಲ್ಲಿ ಬರ್ದಿದ್ದನ್ನ ನಾನು ಇಲ್ಲಿ ಹೇಳಲ್ಲ. ಅರ್ಧ ಗಂಟೆ ತಗೊಂಡ್ರು. ರಾತ್ರಿ ಎರಡೆರಡು ಗಂಟೆಗೊಂದ್ಸಲ ಎದ್ದು ಮಗನ ಹಣೆ ಮುಟ್ಟಿ ನೋಡ್ತಾರಂತೆ ಜ್ವರ ಇದೆಯಾ ಅಂತ, ನಾಲ್ಕು ವರ್ಷದಿಂದ, ಇದನ್ನ ಮಾತ್ರ ಹೇಳ್ಬಹುದು ಅಂದ್ರು, ಅದಕ್ಕೇ ಹೇಳಿದೆ.

ಅವರನ್ನೇ ಕೇಳಿದೆ, ನಿಮ್ಮ ಬಿಪಿ ಯಾವಾಗ ನೋಡ್ಸಿದ್ದು, ಯೂರಿನ್ ಪ್ರೋಟೀನು? ಕಿಡ್ನಿ ಕೊಟ್ಟೋರು ವರ್ಷಕ್ಕೊಂದ್ಸಲ ಬಿಪಿ, ಕ್ರಿಯೇಟಿನೈನ್, ಯೂರಿನ್ ನೋಡಿಸ್ಲೇಬೇಕು. ಒಂದ್ಸಲಾನೂ ನೋಡ್ಸಿಲ್ಲ. ಮಗನ ಫೈಲು ನಾಲ್ಕು ವಾಲ್ಯೂಮ್ ಆಗಿದೆ, ಅಮ್ಮಂದು ಡಿಸ್ಚಾರ್ಜ್ ಸಮರಿ ಒಂದೇ ಹಾಳೆ, ಅದೂ ಮಗನ ಫೈಲೊಳಗೇ ಎಲ್ಲೋ ಸೇರ್ಕೊಂಡಿತ್ತು. ಸ್ಟೂಡೆಂಟ್ಸ್, ನೀವು ನಾಳೆ ಡ್ಯೂಟಿಗೆ ಹೋದಾಗ ಕೆಲಸ ಇದು, ಮಗು ಬಂದ ದಿನಾನೇ ಕೊಟ್ಟೋರ ಬಿಪಿನೂ ನೋಡ್ಬಿಡಿ, ಪಟ್ಟಿ ಕಟ್ಟೋಕೆ ಎರಡು ನಿಮಿಷ.

ಇನ್ನೊಂದು ಮಾತು, ಕಿಡ್ನಿ ಕೊಟ್ಟೋರಿಗೆ ಕೇಳೋಕೆ ಕಷ್ಟ ಆಗ್ಬಹುದು. ಜಗಳದಲ್ಲಿ "ನನ್ನ ಕಿಡ್ನಿ ಕಿತ್ಕೊಟ್ಟಿದೀನಿ ನಿಂಗೆ" ಅನ್ನೋ ಮಾತು ಬಂದ್ಬಿಡುತ್ತೆ. ಮಗ "ನಾನ್ ಕೇಳಿದ್ನಾ" ಅಂತಾನೆ. ಇಬ್ಬರೂ ಆಮೇಲೆ ನನ್ನ ಹತ್ರ ಬೇರೆ ಬೇರೆ ಬಂದು ಅಳ್ತಾರೆ. ಆ ಮಾತು ಬಂತು ಅಂದ್ರೆ ಪ್ರೀತಿ ಕಮ್ಮಿಯಾಗಿದೆ ಅಂತಲ್ಲ, ನಿದ್ದೆ ಕಮ್ಮಿಯಾಗಿದೆ ಅಂತ.

ಮನೇಲಿರೋ ಇನ್ನೊಂದು ಮಗು ಯಾರ ಲೆಕ್ಕಕ್ಕೂ ಬರಲ್ಲ. ಅಣ್ಣಂಗೆ ಫಾಲೋಅಪ್, ತಂಗಿ ಅಜ್ಜಿ ಮನೆ. ಒಬ್ಬಳು ತಂಗಿ ಫೋನಲ್ಲಿ ಕೇಳ್ತಿದ್ಲಂತೆ, ಅಣ್ಣ ಮಾತ್ರ ಎಲ್ಲಾ ತಿಂಗಳೂ ಬೆಂಗ್ಳೂರಿಗೆ ಹೋಗ್ತಾನೆ, ನನ್ನ ಸರದಿ ಯಾವಾಗ ಅಂತ. ಒಂದ್ಸಲ ಕರ್ಕೊಂಡ್ ಬನ್ನಿ ಅಂದೆ. ಬಂದ್ಲು, ಬ್ಲಡ್ ತೆಗೆಯೋದನ್ನ ನೋಡಿದ್ಲು, ಮಸಾಲೆ ದೋಸೆ ತಿಂದ್ಲು. ಆಮೇಲೆ ಕೇಳಿಲ್ವಂತೆ.

ಪ್ರಶ್ನೆ ಕೇಳೋ ಟೈಮಲ್ಲಿ ಒಬ್ಬರು ಅಪ್ಪ ನೇರವಾಗಿ ಕೇಳಿದ್ರು, "ಈ ಕಿಡ್ನಿ ಎಷ್ಟು ವರ್ಷ ಬರುತ್ತೆ ಮೇಡಂ?" ಸುಳ್ಳು ಹೇಳಲ್ಲ. ಹತ್ತು, ಹದಿನೈದು, ಕೆಲವರಿಗೆ ಅದಕ್ಕೂ ಜಾಸ್ತಿ, ಕೆಲವರಿಗೆ ಕಮ್ಮಿ. ಚಿಕ್ಕ ವಯಸ್ಸಲ್ಲಿ ಹಾಕ್ಸಿಕೊಂಡೋರಿಗೆ ಮುಂದೆ ಇನ್ನೊಂದು ಬೇಕಾಗ್ಬಹುದು. ಎರಡನೇದಕ್ಕೆ ಮನೇಲಿ ಕೊಡೋರು ಇರಲ್ಲ ಅಂದಾಗ ಮೆದುಳು ನಿಷ್ಕ್ರಿಯ ಆದೋರ ಕುಟುಂಬದವರು ಕೊಡೋ ಕಿಡ್ನಿಗೆ ಜೀವಸಾರ್ಥಕತೆ ಅನ್ನೋ ನಮ್ಮ ರಾಜ್ಯದ ಅಂಗದಾನ ಸಂಸ್ಥೆಯಲ್ಲಿ ಹೆಸರು ಬರ್ಸಿ ಕಾಯ್ಬೇಕು. ಅವರು ತಲೆ ಆಡಿಸಿ ಕೂತ್ರು, ಬೇರೆ ಏನೂ ಕೇಳಲಿಲ್ಲ.

ಕೊನೇಲಿ ಒಬ್ಬರು ತಾಯಿ ಎದ್ರು. ಸ್ಕೂಲಿಂದ ಹಂಪಿಗೆ ಎರಡು ದಿನದ ಟೂರ್, ಮಗ ಏಳನೇ ಕ್ಲಾಸು, ಕಸಿ ಆಗಿ ಮೂರು ವರ್ಷ, ಲೆವೆಲ್ ಎಲ್ಲಾ ಚೆನ್ನಾಗಿದೆ, ಕಳಿಸ್ಬಹುದಾ. ಡಾಕ್ಟ್ರಿಗೆ ಒಂದ್ಸಲ ತೋರ್ಸಿ ಕಳ್ಸಿ ಅಂದೆ. ಮಾತ್ರೆ ಎರಡು ಸೆಟ್ ಮಾಡಿ, ಒಂದು ಅವನ ಬ್ಯಾಗಲ್ಲಿ ಒಂದು ಟೀಚರ್ ಹತ್ರ, ಬಸ್ಸಿನ ಲಗೇಜಿಗೆ ಹಾಕ್ಬೇಡಿ. ಡಾಕ್ಟ್ರ ಹತ್ರ ಒಂದು ಲೆಟರ್. ನೀರು ಕಾಯಿಸಿದ್ದು ಇಲ್ಲ ಸೀಲ್ ಇರೋ ಬಾಟ್ಲಿ. ಟೋಪಿ, ಆ ಕಲ್ಲಿನ ಬಿಸಿಲು ಗೊತ್ತಲ್ಲ, ಈ ಮಾತ್ರೆ ತಗೋಳೋರು ಚರ್ಮಾನೂ ಬಿಸಿಲಿಂದ ಕಾಪಾಡ್ಕೋಬೇಕು. ಫೋನಲ್ಲಿ ಎಂಟು ಗಂಟೆ ಅಲಾರಂ. ಅವರು ಎಲ್ಲಾ ಬರ್ಕೊಂಡ್ರು.

ಅವನನ್ನ ಕೇಳಿದ್ರಾ ಅಂದೆ. ಇಲ್ಲ ಅಂದ್ರು. ಹುಡುಗ ಅವರ ಪಕ್ಕದಲ್ಲೇ ಇದ್ದ, ಮೈಕ್ ಅವನ ಕೈಗೆ ಕೊಡಿ ಅಂದೆ. ಎದ್ದು ನಿಂತ, ಮೈಕ್ ಬಾಯಿಗೆ ತೀರಾ ಹತ್ರ ಇಟ್ಕೊಂಡ, ಕುಯ್ಯ್ ಅಂತ ಸದ್ದಾಯ್ತು.

"ಅಮ್ಮಾನೂ ಬರ್ತಾಳಾ?"

ಹಾಲೆಲ್ಲಾ ನಗು. ಅವರಮ್ಮಾನೂ ನಕ್ಕರು, ಸ್ವಲ್ಪ ತಡವಾಗಿ.